ಅಮ್ಮನ ಗಂಟಲು ಕಟ್ಟಿದ ದಿನ

ಎಂಟು ವರ್ಷದ ಮಗಳಿಗೆ ಅಮ್ಮ ಮನೆಯಲ್ಲೇ ಪಾಠ ಹೇಳುತ್ತಿದ್ದಳು. ಮಗಳಿಗೆ ಲೆಕ್ಕ ನೀರು ಕುಡಿದಷ್ಟು ಸುಲಭ. ಓದು ಮಾತ್ರ ಕಬ್ಬಿಣದ ಕಡಲೆ. ಒಂದು ಬೆಳಿಗ್ಗೆ ಪ್ರಾರ್ಥನೆಗೆಂದು ಅಡುಗೆಮನೆಯ ಮೇಜಿನ ಮುಂದೆ ಕೂತು ಅಮ್ಮ ಬೈಬಲ್ ತೆರೆದರೆ, ನೆಗಡಿಯಿಂದ ಕಟ್ಟಿದ ಗಂಟಲಿನಿಂದ ದನಿಯೇ ಹೊರಡಲಿಲ್ಲ.

“ನಂಗೆ ನೋಹನ ಕಥೆ ಬೇಕು,” ಎಂದು ನಾಲ್ಕು ವರ್ಷದ ತಂಗಿ ರಚ್ಚೆ ಹಿಡಿದಳು.

ಅಕ್ಕ ಪುಸ್ತಕವನ್ನು ತನ್ನತ್ತ ಎಳೆದುಕೊಂಡಳು. ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ಕೂಡಿಸಿ ಒಂದು ಸಾಲು ಓದಿದಳು, ಆಮೇಲೆ ಇನ್ನೊಂದು. ಕಥೆಯಲ್ಲಿ ಮಳೆ ಶುರುವಾಗುವ ಹೊತ್ತಿಗೆ ತಂಗಿ ಅವಳ ತೊಡೆಯೇರಿದ್ದಳು.

“ನಾಳೇನೂ ನೀನೇ ಓದಕ್ಕ. ಅಮ್ಮ ಬೇಗ ಬೇಗ ಓದ್ಬಿಡ್ತಾಳೆ. ನೀನಾದ್ರೆ ಒಂದೊಂದು ಪ್ರಾಣೀನೂ ನಿಧಾನವಾಗಿ ಹಡಗು ಹತ್ತಿಸ್ತೀಯ.”

ಅಮ್ಮ ನಗುತ್ತಲೇ ಕಣ್ಣೊರೆಸಿಕೊಂಡು, ಮನಸ್ಸಿನಲ್ಲೇ ಕರ್ತನಿಗೆ ಸ್ತೋತ್ರ ಹೇಳಿ, ಮಗಳಿಗಾಗಿ ಮುಂದಿನ ಪುಟ ತಿರುಗಿಸಿದಳು.