ಖರಜದೊಳಗಿನ ಗಾಂಧಾರ

ನಾನು ಒಂದು ತಂಬೂರಿ ಪೆಟ್ಟಿಗೆ. ಬುರುಡೆಯಿಲ್ಲ, ತಂತಿಯಿಲ್ಲ, ಕರೆಂಟು ಕೊಟ್ಟರೆ ನುಡಿಯುತ್ತೇನೆ. ನನ್ನನ್ನು ಮಾಡಿದವರು ನಿಜವಾದ ತಂಬೂರಿಯ ನಾದವನ್ನು ಒಂದೇ ಶ್ರುತಿಯಲ್ಲಿ ಹಿಡಿದು, ಚುಕ್ಕಿ ಚುಕ್ಕಿಯಾಗಿ ನನ್ನ ಹೊಟ್ಟೆಯೊಳಗಿಟ್ಟರು. ಶ್ರುತಿ ಇಳಿಸಿದರೆ ಚುಕ್ಕಿಗಳ ನಡುವೆ ಸಂದು ಬೀಳುತ್ತದೆ. ಅದನ್ನು ನಾನು ಅಂದಾಜಿನಿಂದ ತುಂಬಬೇಕು. ಅಂದಾಜಿನ ಜೊತೆ ಕರಕರ ಸದ್ದೂ ಹುಟ್ಟಿತೆಂದು ಒಂದು ಜರಡಿ ಹಾಕಿದರು. ಆ ಜರಡಿಗೆ ಕಸ ಯಾವುದು, ಕಾಳು ಯಾವುದು ಗೊತ್ತಿಲ್ಲ. ಶ್ರುತಿ ತೀರ ಇಳಿದರೆ ನಾದದೊಳಗಿನ ಸಣ್ಣ ಸ್ವರಗಳೂ ಅದರಲ್ಲೇ ಉಳಿದುಬಿಡುತ್ತವೆ.

ಧಾರವಾಡದ ಗಾಯಕಿ ರುಕ್ಮಾಬಾಯಿ ನನ್ನನ್ನು ಕೊಂಡದ್ದು ಅವರ ತಂಬೂರಿಯ ಬುರುಡೆ ರೈಲಿನಲ್ಲಿ ಒಡೆದ ಮೇಲೆ. ಅವರ ಮನೆಯಲ್ಲೊಂದು ಪದ್ಧತಿಯಿತ್ತು. ಪಾಠಕ್ಕೆ ಮುಂಚೆ ಶಿಷ್ಯರು ಕಣ್ಣು ಮುಚ್ಚಿ ಖರಜದ, ಅಂದರೆ ಕೆಳಗಿನ ಷಡ್ಜದ, ತಂತಿಯನ್ನು ಕೇಳಬೇಕು. ಯಾರೂ ಮೀಟದ ಗಾಂಧಾರ ಅದರೊಳಗಿಂದ ತಾನಾಗಿ ಏಳುತ್ತದೆ. ಅದು ಕೇಳಿಸಿದವರಿಗೆ ಮಾತ್ರ ಹಾಡಲು ಅಪ್ಪಣೆ. ಆಗಿನ ಶ್ರುತಿಯಲ್ಲಿ ನನ್ನಿಂದಲೂ ಅದು ಏಳುತ್ತಿತ್ತು. ನನಗೆ ಅದರ ಜಂಬವೂ ಇತ್ತು.

ವಯಸ್ಸಾಗಿ ರುಕ್ಮಾಬಾಯಿಯವರ ದನಿ ಇಳಿಯಿತು. ಅದಕ್ಕೆ ಹೊಂದುವಂತೆ ನನ್ನ ಶ್ರುತಿಯ ತಿರುಪನ್ನೂ ತೀರ ಇಳಿಸಿದರು. ಒಂದು ಬೆಳಿಗ್ಗೆ ನನಗೆ ಕಿವಿ ಹಚ್ಚಿ ಬಹಳ ಹೊತ್ತು ಕೂತರು. ಆಮೇಲೆ ಶಿಷ್ಯೆ ಶೈಲಾಳತ್ತ ತಿರುಗಿದರು.

"ಗಾಂಧಾರ ಕೇಳಸ್ತದೇನ?"

ಶೈಲಾಗೂ ಕೇಳಿಸಿರಲಿಲ್ಲ. ಆದರೆ ಇಲ್ಲವೆಂದರೆ ಅವತ್ತಿನ ಪಾಠಕ್ಕೆ ಎಳ್ಳುನೀರು.

"ಕೇಳಸ್ತದರಿ, ಅಕ್ಕಾರ."

"ಹಂಗಾರ ನನ್ನ ಕಿವಿನ ಹೋತು." ಅವರು ನನ್ನ ಗುಂಡಿ ಒತ್ತಿ ಆರಿಸಿದರು. "ಕಿವಿ ಇಲ್ಲದಾಕಿ ಏನ್ ಕಲಿಸ್ಯಾಳು? ನಾಳಿಂದ ಯಾರೂ ಬರಬ್ಯಾಡ್ರಿ. ನಿನ್ನ ಕಿವಿ ಚಲೋ ಅದ, ಶೈಲಾ. ಈ ಪೆಟ್ಟಿಗಿ ನೀನ ಇಟ್ಕೋ."

ಗಾಂಧಾರ ನನ್ನ ಜರಡಿಯಲ್ಲೇ ಉಳಿದಿದೆ, ಕೊರತೆ ನನ್ನದು ಎಂದು ಕೂಗಬೇಕೆನಿಸಿತು. ಆದರೆ ನನ್ನನ್ನು ಆರಿಸಿಯಾಗಿತ್ತು. ಶೈಲಾ ತಲೆ ತಗ್ಗಿಸಿ ನನ್ನನ್ನು ಎತ್ತಿಕೊಂಡಳು.

ರುಕ್ಮಾಬಾಯಿ ಮತ್ತೆ ಹಾಡಲಿಲ್ಲ, ಅಡಿಗೆಮನೆಯಲ್ಲಿ ಗುನುಗಲೂ ಇಲ್ಲವಂತೆ. ಹಾಗೆಯೇ ತೀರಿಕೊಂಡರು.

ಶ್ರದ್ಧಾಂಜಲಿ ಸಭೆಗೆ ಯಾರೋ ನಿಜವಾದ ತಂಬೂರಿ ತಂದಿದ್ದರು. ಶೈಲಾ ಹಾಡಬೇಕಿತ್ತು, ಇರಲಿ ಎಂದು ನನ್ನನ್ನೂ ಒಯ್ದಿದ್ದಳು. ಗುರುಗಳ ಕೊನೆಯ ಶ್ರುತಿಗೇ ತಂಬೂರಿ ಕೂಡಿಸಿದರು. ಖರಜ ಮೀಟಿದೊಡನೆ ಗಾಂಧಾರ ಎದ್ದಿತು. ಶೈಲಾ ತಂಬೂರಿಯನ್ನು ನೋಡಿದಳು, ನನ್ನನ್ನು ನೋಡಿದಳು. ಹಾಡಲು ಬಾಯಿ ತೆರೆದವಳು ಅಳತೊಡಗಿದಳು. ಗುರುಭಕ್ತಿ ಅಂದರೆ ಹಿಂಗಿರಬೇಕು ಎಂದರು ಜನ.

ಈಗ ನಾನು ಅವಳ ಮನೆಯ ಅಟ್ಟದಲ್ಲಿದ್ದೇನೆ. ಸಂದು ಕಂಡಲ್ಲಿ ಅಂದಾಜು ತುಂಬುವುದು ನನ್ನ ಹುಟ್ಟುಗುಣ. ಮನುಷ್ಯರೂ ಅದನ್ನೇ ಮಾಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ರುಕ್ಮಾಬಾಯಿಯವರ ಕಿವಿ ಕೊನೆಯವರೆಗೂ ಚೆನ್ನಾಗಿತ್ತು. ಅದನ್ನು ಯಾರಿಗೆ ಹೇಳಬೇಕಿತ್ತೋ ಅವರೇ ಇಲ್ಲ.