ಚಿಗರಿಯ ಪಾಲು

ಕಿವಿ ಅಲುಗಿತು, ಎಡಗಿವಿಯ ತುದಿ ಮಾತ್ರ, ನೊಣ ಕೂತಿರಬೇಕು ಎಂದುಕೊಂಡಳು ದೇವಕ್ಕ, ಆದರೆ ನೊಣವಿಲ್ಲ, ಚಿಗರಿಯ ಬೆನ್ನುದ್ದಕ್ಕೂ ನಡುಕವೊಂದು ಹರಿದು ಬಾಲದಲ್ಲಿ ನಿಂತಿತು — ಏನಾಯಿತು ಈ ನಾಯಿಗೆ, ಚೈನಿನ ಕೊಂಡಿ ಮುರಿಯಿತೆಂದು ಟ್ರಂಕಿನಿಂದ ಅಣ್ಣ ಹಣಮಂತನ ಕೆಂಪು ವಸ್ತ್ರ ತೆಗೆದು ಕೊರಳಪಟ್ಟಿಯೊಳಗೆ ತೂರಿಸಿ ಎರಡೂ ತುದಿಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ, ಅಷ್ಟೇ ತಾನೆ, ಗಂಡ ಮರೆಪ್ಪ ಮುಲುಂಡಿನ ಕೆಲಸದಿಂದ ಬಂದಮೇಲೆ ಕೊಂಡಿ ಸರಿಮಾಡಿಸಿದರಾಯಿತು ಎಂದು — ಆಗ ತಿಳಿಯಿತು, ಅಯ್ಯೋ ನನ್ನ ಕೈಗೆ ಬೆಂಕಿ ಹಾಕ, ಊರಲ್ಲಿ ಬೇಟೆಗೆ ಹೊರಟಾಗ ನಾಯಿ ಹಿಡಿಯುವುದು ಹೀಗೆಯೇ ಅಲ್ಲವೇ, ಕಟ್ಟುವುದಿಲ್ಲ, ಗಂಟು ಹಾಕುವುದಿಲ್ಲ, ವಸ್ತ್ರ ತೂರಿಸಿ ಎರಡು ತುದಿ ಹಿಡಿಯುವುದು, ಮೊಲ ಎದ್ದೊಡನೆ ಒಂದು ತುದಿ ಬಿಟ್ಟರೆ ಸಾಕು, ಸರ್ರನೆ ಜಾರಿ ನಾಯಿ ಬಯಲಿಗೆ. ಚೈನೆಂದರೆ ಮನೆ, ವಸ್ತ್ರವೆಂದರೆ ಬೇಟೆ. ನಾಯಿಗೆ ಗೊತ್ತಿದ್ದದ್ದು, ರೊಟ್ಟಿಯ ಬುತ್ತಿ ಹೊತ್ತು ಅಣ್ಣನ ಹಿಂದೆ ಬಯಲೆಲ್ಲ ತಿರುಗಿದ ನನಗೆ ಹೇಗೆ ಮರೆತಿತು, ಮರೆತಿರಲಿಲ್ಲ, ಕೈಗೆ ನೆನಪಿತ್ತು, ತಲೆಗಿರಲಿಲ್ಲ, ಬೇಟೆ ಮರೆಸುವ ಮೂರು ತಿಂಗಳ ದುಡಿಮೆಯನ್ನು ಈ ಎರಡು ಕೈ ಹಾಳುಮಾಡಿಬಿಟ್ಟವು, ಹಾಳಾಗಲು ಬಿಡುವುದಿಲ್ಲ, ಬಿಡುವುದಿಲ್ಲ ಎಂದು ಮುಷ್ಟಿ ಬಿಗಿ ಮಾಡಿದಳು.

ಚಿಗರಿ ನೋಡುತ್ತಿರುವುದು ಮಂಚದ ಕೆಳಗೆ. ಅಲ್ಲಿ ಬೆಳ್ಳಗೆ ಏನೋ. ರಾಜೀವಿಯ ಮೊಲ, ಪಕ್ಕದ ಖೋಲಿಯ ರಾಜೀವಿ ಗ್ಯಾಲರಿಯಲ್ಲಿ ಪೆಟ್ಟಿಗೆಯೊಳಗಿಟ್ಟು ಸಾಕಿದ ಎರಡರಲ್ಲಿ ಒಂದು, ಪೆಟ್ಟಿಗೆಯ ಪಟ್ಟಿ ಸಡಿಲವಾಗಿದೆ ಎಂದು ನಾನೇ ಹೇಳಿದ್ದೆ, ನಮ್ಮವರು ಹೋಟೆಲಿಂದ ಬಂದು ಮೊಳೆ ಹೊಡೀತಾರೆ ಅಂದಿದ್ದಳು, ಹೊಡೆದಿಲ್ಲ, ಈಗ ಅವಳು ಸೀಮೆಎಣ್ಣೆಯ ಸಾಲಿನಲ್ಲಿ, ಚಾಳಿನ ಹೆಂಗಸರೆಲ್ಲ ಅಲ್ಲಿಯೇ, ಕೂಗಿದರೂ ಬರುವವರಿಲ್ಲ, ಬಂದರೂ ಬರುವುದು ಬೇಡ, ಬಂದವರು ನೋಡುವುದು ಬೇಟೆಯ ನಾಯಿ ಮತ್ತು ಮೊಲವನ್ನೇ ಹೊರತು ನನ್ನನ್ನಲ್ಲ. ದೇವಕ್ಕ, ನಿಮ್ಮ ನಾಯಿ ಕಂಡ್ರೆ ನಂಗೆ ಕೈಕಾಲು ನಡುಗ್ತದೆ ಮಾರಾಯ್ತಿ, ಆದ್ರೂ ನೀವು ಹೇಳ್ತೀರಿ ಅಂತ ಸುಮ್ನಿದ್ದೇನೆ ಅಂದಿದ್ದಳು ರಾಜೀವಿ. ಸುಮ್ಮನಿದ್ದಳು ಪುಣ್ಯಾತ್ಗಿತ್ತಿ, ದಿನಾ ನಲ್ಲಿ ನೀರು ನಿಂತಮೇಲೆ ನಾನು ಚೈನು ಕಾಲಡಿ ಒತ್ತಿ ಚಿಗರಿಯನ್ನು ಪೆಟ್ಟಿಗೆಯ ಮುಂದೆ ಕೂರಿಸಿ, ಮುಖ ತಿರುಗಿಸಿದಾಗೊಂದು ರೊಟ್ಟಿ ಚೂರು, ತಿರುಗಿಸಿದಾಗೊಂದು ಚೂರು ಕೊಡುವುದನ್ನು ಬಾಗಿಲಲ್ಲಿ ನಿಂತು ನೋಡಿದಳು, ಹೋದ ವಾರ ತಾನೇ ಒಂದು ಚೂರು ಕೊಟ್ಟಳು, ಕೈ ಮೂಸಿತು ನೋಡಿ ಎಂದು ನಕ್ಕಳು. ಮರೆಪ್ಪ ನಗಲಿಲ್ಲ. ಆ ಹೆಣ್ಮಗಳ ಮೊಲದ್ದ ಒಂದ ಕೂದಲಾ ಕೊಂಕಿದ್ರೂ ಐತಾರ ನಿನ್ನ ನಾಯಿನ್ನ ಲಾರಿ ಹತ್ತಸ್ತೀನಿ, ಎಲ್ಲಿ ಇಳಸ್ತೀನಿ ಕೇಳಬ್ಯಾಡ. ಕೇಳಬೇಕಿಲ್ಲ, ಹೆದ್ದಾರಿಯಲ್ಲಿ ಇಳಿಸುತ್ತಾನೆ, ಹೇಳಿದಂತೆ ಮಾಡುವ ಗಂಡಸು. ನಿನ್ನ ನಾಯಿಯಂತೆ! ನನ್ನದಲ್ಲ, ಹಣಮಂತನದು, ಮುಲುಂಡಿನಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗಿನ ವಾಚಮನ್ ಆಗಿ ಇದೊಂದನ್ನೇ ಜೊತೆಗಿಟ್ಟುಕೊಂಡಿದ್ದ ಅಣ್ಣ, ಮಳೆಗಾಲದಲ್ಲಿ ಕಾಮಾಲೆಯಾಗಿ ಹೋಗಿಬಿಟ್ಟ, ಹೋದಮೇಲೆ ಆರು ದಿನ ಉಸುಕಿನ ಗುಡ್ಡೆಯ ಮೇಲೆ ಕೂತಿತ್ತು ಈ ನಾಯಿ, ಲೋಕಲ್ ರೈಲಿಗೆ ಹತ್ತಿಸಲು ಬಿಡಲಿಲ್ಲ, ನಡೆಸಿಕೊಂಡೇ ಬಂದೆ, ಮುಲುಂಡಿನಿಂದ ಆಂಟಾಪ್ ಹಿಲ್ಲಿನ ಈ ಚಾಳಿನವರೆಗೆ, ಚಪ್ಪಲಿ ಹರಿದು ಕೈಗೆ ಬಂತು, ಅಳು ಬಂತು, ನಿಲ್ಲಲಿಲ್ಲ. ಅಣ್ಣನ ಕಡೆಯದೆಂದು ಉಳಿದಿರುವುದು ಈ ನಾಯಿ, ಈ ವಸ್ತ್ರ.

ಎಳೆದು ಗ್ಯಾಲರಿಗೆ ಒಯ್ಯಬೇಕು. ಎಳೆದಳು. ಕಾಲೂರಿ ನಿಂತಿದೆ, ಬಗ್ಗುವ ಜಾತಿಯಲ್ಲ. ಗಂಟು ಹಾಕೋಣವೆಂದರೆ ಎರಡು ಕೈ ಬೇಕು, ಒಂದು ತುದಿ ಸಡಿಲವಾದರೆ ಮುಗಿಯಿತು. ಮೊಲ ಮೂಗು ಅಲ್ಲಾಡಿಸುತ್ತ ಕೋಸಿನ ಎಲೆ ಹುಡುಕುತ್ತಿದೆ, ಹುಚ್ಚು ಮೊಲ, ಅದಕ್ಕೆ ಬಯಲೂ ಗೊತ್ತಿಲ್ಲ, ಭಯವೂ ಗೊತ್ತಿಲ್ಲ. ಮುಷ್ಟಿ ಬೆವರುತ್ತಿದೆ, ಬಟ್ಟೆ ಜಾರುತ್ತಿದೆ, ಇನ್ನೆಷ್ಟು ಹೊತ್ತು — ಹಣಮಂತ ಇದ್ದರೆ ಏನು ಮಾಡುತ್ತಿದ್ದ, ಓಡುವ ನಾಯಿಯನ್ನು ಅವನೂ ನಿಲ್ಲಿಸುತ್ತಿರಲಿಲ್ಲ, ಯಾರಿಂದಲೂ ಆಗದು, ಆದರೆ ಓಡಿ ಹೋಗಿ ಮೊಲವನ್ನು ಕೈಗೆತ್ತಿಕೊಳ್ಳುತ್ತಿದ್ದ, ತಲೆಯ ಮೇಲಕ್ಕೆ ಎತ್ತಿ ಸಾಕು ಅನ್ನುತ್ತಿದ್ದ, ಎಂಥ ಹಸಿದ ನಾಯಿಯಾದರೂ ಕೂತುಬಿಡುತ್ತಿತ್ತು. ಕೈಗೆ ಬಂದ ಮೊಲ ಮನಶ್ಯಾಂದು, ತಂಗಿ, ಅದಕ್ಕ ನಾಯಿ ಬಾಯಿ ಹಾಕೂದಿಲ್ಲ ಅನ್ನುತ್ತಿದ್ದ. ಹೌದು. ಎತ್ತಬೇಕು. ಮಂಚದ ಒಂದು ಕಡೆ ಗೋಡೆ, ತಲೆಯ ಕಡೆ ಟ್ರಂಕು, ಕಾಲಿನ ಕಡೆ ಅಕ್ಕಿಡಬ್ಬಿ, ಇರುವುದೊಂದೇ ಸಂದು, ಆ ಸಂದಿಗೆ ನಾನೇ ಅಡ್ಡ ಬಿದ್ದರೆ? ಮೊಣಕಾಲೂರಿದಳು, ಕೈ ಚಾಚಿದಳು, ಒಂದು ಗೇಣು ಕಡಿಮೆ, ವಸ್ತ್ರ ಬಿಡದೆ ಆ ಗೇಣು ಸಿಗುವುದಿಲ್ಲ. ಬಿಡುತ್ತೇನೆ. ನಾನೇ ಬಿಡುತ್ತೇನೆ, ಜಾರಿಹೋಯಿತೆಂದು ನಾಳೆ ಯಾರ ಮುಂದೆಯೂ ಹೇಳುವುದಿಲ್ಲ — ಬಿಟ್ಟಳು, ಬಿಟ್ಟವಳೇ ಸಂದಿನೊಳಗೆ ಮೈಚೆಲ್ಲಿದಳು, ವಸ್ತ್ರ ಸರ್ರನೆ ಜಾರಿದ ಸದ್ದು, ಬೆನ್ನ ಮೇಲೆ ನಾಲ್ಕು ಕಾಲು, ಕುಪ್ಪಸದೊಳಗೆ ಉಗುರು, ಕಿವಿಯ ಪಕ್ಕ ಬಿಸಿ ಉಸಿರು, ಮಣಿಕಟ್ಟಿಗೆ ಹಲ್ಲು ತಗುಲಿ ಹಸಿರು ಬಳೆ ಪಟಪಟ ಒಡೆದವು, ಬೆರಳಿಗೆ ಮೆತ್ತನೆಯ ಚರ್ಮ ಸಿಕ್ಕಿತು, ಸಿಕ್ಕಿತು, ಹೊರಳಿದಳು, ಎದ್ದಳು, ಕೈ ಮೇಲೆತ್ತಿದಳು, ಸಾಕು.

ಕೂತಿತು. ಚಿಗರಿ ಕೂತಿತು, ಮುಂಗಾಲು ಜೋಡಿಸಿ, ಹಣಮಂತನ ಮುಂದೆ ಕೂರುತ್ತಿದ್ದಂತೆಯೇ, ಮೊಲಕ್ಕೆ ಒಂದು ಗೀರೂ ಇಲ್ಲ, ಗೆದ್ದೆನಲ್ಲ ಅಣ್ಣಾ ಎಂದು ದೇವಕ್ಕನಿಗೆ ಅಳುವೂ ನಗುವೂ ಒಟ್ಟಿಗೆ ಬಂದವು, ಬಂದಷ್ಟೇ ಬೇಗ ನಿಂತವು. ಅದು ಕಾಯುತ್ತಿದೆ. ಬೇಟೆ ಮುಗಿದಮೇಲೆ ಮೊದಲ ಪಾಲು ನಾಯಿಯದು, ಮೊಲದ ಹೊಟ್ಟೆ ಸೀಳಿ ಒಳಗಿನ ಕಾಳಿಜ ತೆಗೆದು ಅಲ್ಲಿಯೇ ಕೊಡಬೇಕು, ಅದು ಅಣ್ಣ ಎಂದೂ ತಪ್ಪಿಸದ ರೀತಿ, ಈಗ ಅದರ ಲೆಕ್ಕದಲ್ಲಿ ಬೇಟೆಯಾಗಿದೆ, ನಾನು ಯಜಮಾನಿ, ಪಾಲು ಕೊಡಬೇಕಾದವಳು. ಕೊಡುತ್ತೇನೆ, ಬೇರೆ ಪಾಲು ಕೊಡುತ್ತೇನೆ, ಅದನ್ನೇ ಪಾಲೆಂದು ಒಪ್ಪಿಸುತ್ತೇನೆ, ಇವತ್ತಲ್ಲದಿದ್ದರೆ ನಾಳೆ ಒಪ್ಪಿಸುತ್ತೇನೆ, ದಿನಾ ಮೊಲ ಎತ್ತಿ ದಿನಾ ಇದನ್ನೇ ಕೊಡುತ್ತೇನೆ, ನಾನೂ ಹಣಮಂತನ ಬೆನ್ನಿಗೆ ಬಿದ್ದವಳೇ, ಸೋಲುವವಳಲ್ಲ — ಎಡಗೈಯಿಂದ ಬುಟ್ಟಿಯ ರೊಟ್ಟಿ ಎಳೆದು ಮುರಿದು ಚಾಚಿದಳು, ತಿನ್ನವ್ವಾ, ಇದ ನಿನ್ನ ಪಾಲು. ಚಿಗರಿ ರೊಟ್ಟಿಯನ್ನು ಬಾಯಿಗೆ ತೆಗೆದುಕೊಂಡಿತು, ಹಲ್ಲು ತಾಗಿಸದೆ, ಮರ್ಯಾದೆಯಿಂದ, ಎರಡು ಕಾಲುಗಳ ನಡುವೆ ಕೆಳಗಿಟ್ಟಿತು. ಮತ್ತೆ ತಲೆಯೆತ್ತಿತು. ಮೆಟ್ಟಿಲ ಮೇಲೆ ಡಬ್ಬಿಯ ಸದ್ದು, ದೇವಕ್ಕಾ, ಎಣ್ಣೆ ಸಿಕ್ಕಿತು ಮಾರಾಯ್ತಿ, ರಾಜೀವಿ ಬರುತ್ತಿದ್ದಾಳೆ, ಬರಲಿ, ಕೈ ಇಳಿಸುವುದಿಲ್ಲ, ತಿನ್ನವ್ವಾ, ತೋಳು ಸೋಲುತ್ತಿದೆ, ಇಳಿಸುವುದಿಲ್ಲ, ಇಳಿಸಿದರೆ ಇದು ಮತ್ತೆ ಬಯಲಿನ ಮೊಲ, ಅಂಗೈಯಲ್ಲಿ ಅದರ ಎದೆ ಹೊಡೆದುಕೊಳ್ಳುತ್ತಿದೆ, ಕೆಳಗೆ ರೊಟ್ಟಿ, ರೊಟ್ಟಿಯ ಮೇಲೆ ಚಿಗರಿ, ತಾಳ್ಮೆಯಿಂದ, ನಂಬಿಕೆಯಿಂದ, ಎತ್ತಿದ ಕೈಯನ್ನೇ ನೋಡುತ್ತಿದೆ.