ಮೂಲೆಯ ಚೌಕದವಳು

ಬಿಸಿ, ಎಡಗೆನ್ನೆಗೆ ಮಾತ್ರ, ಬಲಗೆನ್ನೆ ತಣ್ಣಗೆ, ಸ್ಟುಡಿಯೋದ ದೀಪದವನು ಇವತ್ತೂ ಒಂದೇ ಕಡೆಯಿಂದ ಬೆಳಕು ಬಿಟ್ಟಿದ್ದಾನೆ, ನೆರಳು ಬಿದ್ದರೆ ಸನ್ನೆ ಮಾಡುವ ಬೆರಳುಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ ಕಾಣುತ್ತವೆ ಎಂದು ಇವಳು ಎಷ್ಟು ಬಡಿದುಕೊಂಡರೂ ಅವನ ಕಿವಿಗೆ ಹೋಗುವುದಿಲ್ಲ, ಕಿವಿ ಇದ್ದವರ ಹಣೆಬರಹವೇ ಇಷ್ಟು ಎಂದು ಅಣ್ಣ ನಗುತ್ತಾನೆ, ಕಿವಿ ಕೇಳದ ಅಣ್ಣ — ಅಯ್ಯೋ, ಅಣ್ಣ ಈಗ ತನ್ನ ಶಾಲೆಯ ಸಭಾಂಗಣದಲ್ಲಿ ಬೆಂಚು ಎಳೆಯುತ್ತಿರುತ್ತಾನೆ, ಚಿಕ್ಕವರನ್ನು ಮುಂದೆ ಕೂರಿಸಿ, ಟಿವಿಯ ಮೇಲಿನ ದೂಳು ಒರೆಸಿ, ಯಾಕೆಂದರೆ ಬೆಳಿಗ್ಗೆ ಇವಳೇ ಫೋನಿನ ಪರದೆಯಲ್ಲಿ ಕೈಸನ್ನೆ ಮಾಡಿ ಹೇಳಿದ್ದಳು, ಇವತ್ತು ಮಕ್ಕಳನ್ನೆಲ್ಲ ಕೂರಿಸಿಕೊಂಡು ನೋಡು ಅಣ್ಣ, ದೊಡ್ಡವರು ನಿಮ್ಮ ಶಾಲೆ ವಿಷ್ಯ ಮಾತಾಡ್ತಾರಂತೆ. ಯಾರು ಹೇಳಿದ್ದು? ಭಾಷಣ ಬರೆಯುವ ಹುಡುಗಿ, ನಿನ್ನೆ ಲಿಫ್ಟಿನಲ್ಲಿ, ಅಕ್ಕಾ ನಿಮ್ಮೋರ ಶಾಲೆಗಳ ಬಗ್ಗೇನೇ ಒಂದು ಪುಟ ಇದೆ, ಅಷ್ಟೇ ಅಂದಿದ್ದು ಅವಳು, ಒಂದು ಪುಟ ಎಂದರೆ ಒಳ್ಳೆಯದೇ ಇರಬೇಕು ಎಂದುಕೊಂಡಿದ್ದು ಇವಳು, ಆ ಶಾಲೆಗಳನ್ನು ಕಟ್ಟಿಸಿದವರು ದೊಡ್ಡವರೇ ತಾನೆ, ಕಟ್ಟಿಸಿದವರು ಇನ್ನೇನು ಹೇಳುತ್ತಾರೆ. ಈಗ ಆ ಪುಟ ಕೈಯಲ್ಲಿದೆ, ಯಾವಾಗಲೂ ಕೊನೇ ಗಳಿಗೆಯಲ್ಲೇ ಕೊಡುವುದು, ಓದಿದ್ದಾಳೆ, ಮತ್ತೆ ಓದಿದ್ದಾಳೆ, ಕಿವಿ ಕೇಳದ ಮಕ್ಕಳ ಶಾಲೆಗಳನ್ನು ವರ್ಷದ ಕೊನೆಗೆ ಮುಚ್ಚಿ ಮಕ್ಕಳನ್ನು ಉಳಿದೆಲ್ಲರ ಶಾಲೆಗಳಿಗೆ ಸೇರಿಸುವುದು, ಅದರ ಹಿಂದೆ ಮುಂದೆ ಒಂದಿಷ್ಟು ಬೆಣ್ಣೆ ಮಾತು. ತಲೆ ಕೆಟ್ಟು ಮೊಸರು ಗಡಿಗೆಯಾಗಿದೆ, ಫೋನು ಮಾಡಿ ಬೇಡ ಅಣ್ಣ, ಟಿವಿ ಆರಿಸು ಎನ್ನೋಣವೆಂದರೆ ಫೋನು ಹೊರಗಿನ ಕೋಣೆಯ ಡ್ರಾಯರಿನಲ್ಲಿದೆ, ಒಳಗೆ ತರುವಂತಿಲ್ಲ.

ಬಾಗಿಲು ತೆರೆಯಿತು, ದೊಡ್ಡವರು ಬಂದರು, ಕಚೇರಿಯಲ್ಲಿ ಹಾಗೇ ಕರೆಯುವುದು, ದೇಶವನ್ನೇ ನಡೆಸುವವರನ್ನು ಮತ್ತೆ ಹೇಗೆ ಕರೆಯುತ್ತಾರೆ, ಅಣ್ಣನ ಕೈಯಲ್ಲಿ ಮಾತ್ರ ಅವರಿಗೆ ಬೇರೆ ಹೆಸರು, ಅಂಗಿಯ ತೋಳು ಮಡಿಸುವ ಸನ್ನೆ, ಬಂದರಿನ ಕೂಲಿಗಳ ಸಂಘದಿಂದ ಬಂದವರು, ಮೊದಲ ಚುನಾವಣೆಯಲ್ಲಿ ತೋಳು ಮಡಿಸಿ ಲಾರಿಯ ಮೇಲೆ ನಿಂತು ಮಾತಾಡುತ್ತಿದ್ದವರು, ಅಮ್ಮ ಹೊಲಿಗೆ ಮಿಷನ್ನು ನಿಲ್ಲಿಸಿ ನೋಡಿದ್ದಳು, ಈ ಮನುಷ್ಯ ಏನೋ ಒಂದು ಮಾಡ್ತಾನೆ ನೋಡ್ತಿರು ಎಂದಿದ್ದಳು. ಮಾಡಿದರು. ಗಿರಣಿಯವರ ದುಡಿಮೆಯ ಹೊತ್ತು ಇಳಿಸಿದರು, ಮುದುಕರಿಗೆ ಪಿಂಚಣಿ ಕೊಟ್ಟರು, ಕಿವಿ ಕೇಳದ ಮಕ್ಕಳಿಗೆ ಜಿಲ್ಲೆಗೊಂದು ಶಾಲೆ, ಟಿವಿ ಪರದೆಯ ಮೂಲೆಯಲ್ಲಿ ಈ ಪುಟ್ಟ ಚೌಕ, ಚೌಕದೊಳಗೆ ಅವರ ಮಾತನ್ನು ಕೈಯಲ್ಲಿ ಆಡಿ ತೋರಿಸಲು ಇವಳು. ಅಣ್ಣನಿಗೆ ಆ ಶಾಲೆಯಲ್ಲಿ ಮರಗೆಲಸದ ಮೇಷ್ಟ್ರ ಕೆಲಸ. ಇಬ್ಬರೂ ಅವರ ಅನ್ನ ಉಂಡವರೇ. ಎರಡನೇ ಸಲ ಗೆದ್ದು ಆ ಬಂದರನ್ನೇ ಮಾರಿದರು, ಅದನ್ನು ಹೇಳಿದ್ದೂ ಇವಳೇ, ಗಡಿಗೆ ಸೈನ್ಯ ಕಳಿಸಿದರು, ಹೇಳಿದಳು, ವಾಪಸು ಕರೆಸಿ ಇದೂ ಗೆಲುವೇ ಎಂದರು, ಅದನ್ನೂ ಹೇಳಿದಳು, ಮೂರನೇ ಸಲ ಪಿಂಚಣಿಗೆ ಕತ್ತರಿ ಹಾಕಿ ಇದು ನಿಮ್ಮ ಮೊಮ್ಮಕ್ಕಳಿಗಾಗಿ ಎಂದಾಗ ಅಮ್ಮ ರಿಮೋಟು ಬಿಸಾಕಿ, ನಿನ್ನ ದೊಡ್ಡವರಿಗೆ ಏನು ಬಂದಿದೆಯೇ ಎಂದಿದ್ದಳು, ಅವರನ್ನು ಇವಳೇ ಕೆಡಿಸಿದ ಹಾಗೆ. ತೋಳು ಮಡಿಸುವುದು ಬಿಟ್ಟು ಕೋಟು ತೊಟ್ಟು ಎಷ್ಟೋ ಕಾಲವಾಯಿತು, ಅಣ್ಣನ ಸನ್ನೆ ಮಾತ್ರ ಬದಲಾಗಿಲ್ಲ. ಕೊಟ್ಟ ಕೈ ಯಾವುದು, ಕಿತ್ತುಕೊಂಡ ಕೈ ಯಾವುದು, ಒಬ್ಬ ಮನುಷ್ಯನನ್ನು ಎಷ್ಟು ಸಲ ನಂಬಬಹುದು, ಇವಳಿಗೆ ತಿಳಿಯದು.

ಅವರು ನೀರು ಕುಡಿಯುತ್ತಿದ್ದಾರೆ, ಕೆಮ್ಮುತ್ತಿದ್ದಾರೆ, ಕ್ಯಾಮೆರಾದ ಕೆಂಪು ದೀಪ ಹತ್ತಿತು, ಪ್ರಿಯ ಬಂಧುಗಳೇ, ನಾನು — ಇವಳ ಬಲಗೈ ತನ್ನಷ್ಟಕ್ಕೆ ತಾನೇ ಎದ್ದು ಎದೆಯ ಮೇಲೆ ಕೂರುತ್ತದೆ, ಅಂಗೈ ಬಿಚ್ಚಿ, ನಾನು. ಅವರು ನಾನು ಎಂದಾಗಲೆಲ್ಲ ಇವಳ ಕೈ ಇವಳದೇ ಎದೆಯ ಮೇಲೆ, ಈ ಕೆಲಸ ನಡೆಯುವುದೇ ಹಾಗೆ, ಕಲಿಸಿದ ಮೇಡಂ ಮೊದಲ ದಿನವೇ ಹೇಳಿದ್ದರು, ನೀನು ಅಲ್ಲಿ ಇಲ್ಲವೇ ಇಲ್ಲ ಕಣಮ್ಮ, ಮಾತಾಡೋರು ಅವರು, ಅವರು ನಕ್ಕರೆ ನಗು, ಗದರಿದರೆ ಗದರು, ಮುಖಾನೂ ಅವರದೇ. ಇವಳೂ ತಲೆಯಾಡಿಸಿದ್ದಳು, ದೊಡ್ಡ ವಿದ್ಯೆ ಕಲಿತ ಹಾಗೆ. ನಾನು ಬಂದರು ಮಾರಿದೆ, ಎದೆಯ ಮೇಲೆ ಕೈ, ನಾನು ಸೈನಿಕರನ್ನು ಕಳಿಸಿದೆ, ಎದೆಯ ಮೇಲೆ ಕೈ, ರಾತ್ರಿ ಊಟಕ್ಕೆ ಕೂತಾಗ ಎಷ್ಟೋ ಸಲ ಆ ಕೈ ತನ್ನದಲ್ಲ ಎನ್ನಿಸಿದೆ. ಒಮ್ಮೆ ಅಣ್ಣ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡು ಹೇಳಿದ್ದ, ನಮ್ಮ ಒಂದನೇ ಕ್ಲಾಸಿನ ಮಕ್ಕಳು ಏನು ಅಂದ್ಕೊಂಡಿದ್ದಾರೆ ಗೊತ್ತಾ, ದೇಶ ನಡೆಸೋಳು ನೀನೇ ಅಂತೆ, ಮಧ್ಯದಲ್ಲಿ ನಿಂತು ಸುಮ್ಮನೆ ಬಾಯಿ ಆಡಿಸೋ ಆ ತಾತ ನಿನ್ನ ಜೊತೆ ಬಂದೋರಂತೆ, ಚೌಕದ ಅತ್ತೆ ಎಷ್ಟು ಚೆನ್ನಾಗಿ ಎಲ್ಲಾ ಬಿಡಿಸಿ ಹೇಳ್ತಾರೆ, ಆ ತಾತಂಗೆ ಮಾತೇ ಬರಲ್ಲ ಪಾಪ ಅಂತಾರೆ. ನೀನು ತಿಳಿಸಿ ಹೇಳಬಾರದಾ ಅಣ್ಣ ಎಂದಳು. ಬಿಡು, ದೊಡ್ಡೋರಾದ ಮೇಲೆ ತಾನೇ ಗೊತ್ತಾಗುತ್ತೆ, ಅಲ್ಲೀವರೆಗೆ ದೇಶ ನಿನ್ನ ಕೈಯಲ್ಲಿ ಚೆನ್ನಾಗೇ ಇದೆಯಲ್ಲ ಎಂದ. ಇವಳೂ ನಕ್ಕಳು, ಒಳಗೊಳಗೆ ಹಿಗ್ಗಿದಳು ಕೂಡ.

ರಸ್ತೆಗಳ ಪುಟ ಮುಗಿಯಿತು, ಕರೆಂಟಿನ ಪುಟ, ಕೈಗಳು ಓಡುತ್ತಿವೆ, ಮನಸ್ಸು ಮುಂದಿನ ಪುಟದಲ್ಲಿ ನಿಂತಿದೆ, ಸುಮ್ಮನೆ ನಿಂತುಬಿಟ್ಟರೆ? ಮೈ ಹುಷಾರಿಲ್ಲ ಎಂದು ಹೊರಗೆ ನಡೆದರೆ? ಆಗಲೂ ಶಾಲೆ ಮುಚ್ಚುತ್ತದೆ, ಮಕ್ಕಳಿಗೆ ಅವರ ಭಾಷೆಯಲ್ಲಿ ಹೇಳುವವರು ಇರುವುದಿಲ್ಲ, ಅಷ್ಟೇ. ಒಂದು ಮಾಡಬಹುದು, ನಾನು ಎಂದಾಗ ಕೈಯನ್ನು ಎದೆಗೆ ತರದೆ ಪಕ್ಕಕ್ಕೆ ಚಾಚಿ ಅವರನ್ನು ತೋರಿಸಬಹುದು, ಇವರು, ಇವರು ಮುಚ್ಚುತ್ತಾರೆ, ನಾನಲ್ಲ ಮಕ್ಕಳೇ. ಈ ಕೋಣೆಯಲ್ಲಿ ಯಾರಿಗೂ ಗೊತ್ತಾಗದು, ಅಣ್ಣನಿಗೆ ಗೊತ್ತಾದರೆ ಸಾಕು. ಮಾಡೇಬಿಡಬೇಕು. ಅಷ್ಟರಲ್ಲಿ ಅವರು ಕನ್ನಡಕ ತೆಗೆದರು, ಕಾಗದ ಪಕ್ಕಕ್ಕಿಟ್ಟರು, ಧ್ವನಿ ತಗ್ಗಿತು, ಬಂದರಿನ ದಿನಗಳ ಆ ಹಳೆಯ ಧ್ವನಿ, ಯಾವ ಮಗುವೂ ಬೇರೆ ಅಲ್ಲ ಬಂಧುಗಳೇ, ಯಾವ ಮಗುವನ್ನೂ ಬೇರೆ ಗೋಡೆಯ ಹಿಂದೆ ಕೂರಿಸಬಾರದು, ಎಲ್ಲ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರಲಿ — ಎಷ್ಟು ಚೆನ್ನಾಗಿದೆ, ಕೇಳುವುದಕ್ಕೆ ಎಷ್ಟು ಸರಿಯಾಗಿದೆ, ಸರಿಯೇ ಇರಬಹುದಾ? ಒಂದೇ ಬೆಂಚು. ಚಿಕ್ಕವನಿದ್ದಾಗ ಅಣ್ಣನೂ ಕೂತಿದ್ದ, ಎಲ್ಲರ ಶಾಲೆಯಲ್ಲಿ, ಕೊನೇ ಬೆಂಚಿನಲ್ಲಿ, ಪಕ್ಕದವನು ನಕ್ಕರೆ ಯಾಕೆಂದು ತಿಳಿಯದೆ ತಾನೂ ನಗುತ್ತ, ಮನೆಗೆ ಬಂದು ಇವಳ ಕೈ ಹಿಡಿದು ಎಳೆದು ಮಾತಾಡು ಮಾತಾಡು ಎಂದು ಗೋಗರೆಯುತ್ತಿದ್ದ, ದಿನವಿಡೀ ಒಬ್ಬರೂ ಮಾತಾಡಿಸಿರುತ್ತಿರಲಿಲ್ಲ. ಇಲ್ಲ, ಸರಿಯಿಲ್ಲ, ಇವರಿಗೆ ಗೊತ್ತಿಲ್ಲ, ಅಥವಾ ಗೊತ್ತಿದ್ದೂ — ಆದ್ದರಿಂದ ನಾನು ಸಂತೋಷದಿಂದ, ಎಂದರು, ನಕ್ಕರು, ಇವಳ ಕೈ ಎದ್ದಿತು, ಪಕ್ಕಕ್ಕೆ, ಪಕ್ಕಕ್ಕೆ ಎಂದುಕೊಳ್ಳುತ್ತಿದ್ದ ಹಾಗೆಯೇ ಎದೆಯ ಮೇಲೆ ಬಂದು ಕೂತಿತು, ತುಟಿ ಅರಳಿತು, ನಾನು ಸಂತೋಷದಿಂದ ನಿಮ್ಮ ಶಾಲೆ ಮುಚ್ಚುತ್ತೇನೆ.

ದೀಪ ಆರಿದೆ. ದೊಡ್ಡವರು ಇವಳ ಮುಂದೆಯೇ ಹಾದುಹೋಗುತ್ತ ನಿಂತರು, ಹತ್ತಿರದಿಂದ ನೋಡಿದರೆ ಎಷ್ಟು ಮುದುಕರು, ತುಂಬ ಚೆನ್ನಾಗಿ ಮಾಡ್ತೀಯಮ್ಮ, ನಂಗೊಂದೂ ಅರ್ಥ ಆಗಲ್ಲ ಅನ್ನೋದು ಬೇರೆ ಮಾತು ಎಂದು ನಕ್ಕು ಹೋದರು, ಇವಳ ಮುಖದ ಮೇಲೆ ಭಾಷಣದ ಹೊತ್ತಿನ ಅವರ ನಗು ಇನ್ನೂ ಇತ್ತು, ಇಳಿಸುವುದು ಮರೆತುಹೋಗಿತ್ತು. ಹೊರಗಿನ ಕೋಣೆ, ಡ್ರಾಯರು, ಫೋನು ಅದುರುತ್ತಿದೆ, ಅಣ್ಣ. ತೆಗೆಯಲೋ ಬೇಡವೋ, ಬೈಯಲಿ, ಬೈದರೆ ಒಳ್ಳೆಯದೇ, ಬೈದರೆ ತಾನು ಅವನ ತಂಗಿಯೆಂದಾದರೂ ಆಯಿತಲ್ಲ. ಪರದೆಯಲ್ಲಿ ಅಣ್ಣ ಬೈಯಲಿಲ್ಲ, ಅವನ ಕೈಗಳು ಯಾವತ್ತಿನ ಹಾಗಿಲ್ಲ, ಎತ್ತಲಾರದ ಏನನ್ನೋ ಎತ್ತುತ್ತಿರುವ ಹಾಗಿವೆ, ನೀನು ಏನ್ಮಾಡೋಕಾಗುತ್ತೆ, ನಂಗೆ ಗೊತ್ತು ಪುಟ್ಟಿ, ಆದ್ರೆ ಈ ಮಗು ಬಿಡ್ತಿಲ್ಲ, ನಿನ್ನನ್ನೇ ಕೇಳಬೇಕಂತೆ, ಎಂದು ಫೋನನ್ನು ತಗ್ಗಿಸಿದ. ಮುಂದಿನ ಬೆಂಚು. ಒಂದನೇ ಕ್ಲಾಸಿನ ಹುಡುಗಿ, ಹಲ್ಲು ಬಿದ್ದ ಬಾಯಿ, ಅಳುತ್ತಿಲ್ಲ, ದೇಶ ನಡೆಸುವ ಅತ್ತೆಯ ಎದುರು ಹೇಗೆ ನಿಲ್ಲಬೇಕೋ ಹಾಗೆ ನೆಟ್ಟಗೆ ನಿಂತಿದ್ದಾಳೆ, ಕೇಳುತ್ತಿದ್ದಾಳೆ, ನಾನು ಏನು ತಪ್ಪು ಮಾಡಿದೆ? ಉತ್ತರ ಕೊಡಬೇಕು, ಯಾರಾಗಿ ಕೊಡಲಿ, ನೀನಲ್ಲ ಮಗೂ ಎಂದರೆ ಮತ್ತೆ ಯಾರು ಎನ್ನುತ್ತಾಳೆ, ಯಾರು, ಹುಡುಗಿ ಕಾಯುತ್ತಿದ್ದಾಳೆ, ಇವಳಿಗೆ ಕಾಣಲಿಲ್ಲವೇನೋ ಎಂದು ಮತ್ತೊಮ್ಮೆ, ನಿಧಾನವಾಗಿ, ಸ್ಪಷ್ಟವಾಗಿ, ನಾನು — ಅಂಗೈ ಬಿಚ್ಚಿ, ಆ ಪುಟ್ಟ ಎದೆಯ ಮೇಲೆ ಆ ಪುಟ್ಟ ಕೈ.